ಸಹಾಯ ಬೇಕು: ನಾಲೆ ಏರಿ ಮೇಲೆ ಸೌರಮಂಡಲ

ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ರ ನಮ್ಮೂರ ಹೈಸ್ಕೂಲ್ ಮಕ್ಕಳ ಜೊತೆ ಸೇರಿ ವಿ.ಸಿ. ನಾಲೆ ಏರಿ ಮೇಲೆ ಸೌರಮಂಡಲ ನಿಲ್ಲಿಸ್ಬೇಕು ಅಂತಿದ್ದೀವಿ, ಅಳತೆ ಪ್ರಕಾರವೇ. ಪುಸ್ತಕದ ಚಿತ್ರದಲ್ಲಿ ಗ್ರಹಗಳೆಲ್ಲ ಒತ್ತೊತ್ತಾಗಿರ್ತವೆ. ನಡುವಿನ ಖಾಲಿ ಜಾಗ ಎಷ್ಟು ಅನ್ನೋದು ನಡೆದೇ ಗೊತ್ತಾಗ್ಬೇಕು.

ಸೂರ್ಯ 1 ಮೀಟರ್ ಅಗಲ ಅಂದ್ಕೊಂಡ್ರೆ ಭೂಮಿ ಬರೀ 9 ಮಿ.ಮೀ., ಒಂದು ಕಡಲೆಕಾಳು, ಅದೂ 107 ಮೀಟರ್ ದೂರದಲ್ಲಿ. ಗುರು 10 ಸೆಂ.ಮೀ., ಸುಮಾರು 560 ಮೀಟರ್ ಆಚೆ. ಶನಿ 1 ಕಿ.ಮೀ. ದಾಟುತ್ತೆ, ನೆಪ್ಚೂನ್ 3.2 ಕಿ.ಮೀ. ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಇಡೋಕೆ ಹೋದ್ರೆ 28,000 ಕಿ.ಮೀ.ಗೂ ಹೆಚ್ಚು ಬೇಕು! ಇದನ್ನ ಕೇಳಿ ಒಬ್ಬಳು ಹುಡುಗಿ "ಹಂಗಾದ್ರೆ ಆಕಾಶಗಂಗೆ?" ಅಂದ್ಲು. ನಮ್ಮಿಂದ ಅದರ ಕೇಂದ್ರಕ್ಕೇ ಸುಮಾರು 26,000 ಜ್ಯೋತಿರ್ವರ್ಷ (ಒಂದು ಜ್ಯೋತಿರ್ವರ್ಷ ಅಂದ್ರೆ ಬೆಳಕು ಒಂದು ವರ್ಷದಲ್ಲಿ ಸಾಗೋ ದೂರ). ಲೆಕ್ಕ ಹೇಳಿದ್ರೆ ಸಾಲದು, ತೋರಿಸ್ಬೇಕು.

ಚನ್ನಪಟ್ಟಣದ ಬೊಂಬೆ ಕೆಲಸದೋರ ಪರಿಚಯ ಇದ್ರೆ ಹೇಳಿ. ಗುರು, ಉಂಗುರ ಸಮೇತ ಶನಿ ಮರದಲ್ಲಿ ಮಾಡಿಸ್ಬೇಕು. ಮೈಸೂರು ಕಡೆ ಟೆಲಿಸ್ಕೋಪ್ ಇರೋರು ಮೇ ತಿಂಗಳ ಅಮಾವಾಸ್ಯೆ ರಾತ್ರಿ ಮೇಲುಕೋಟೆ ಕಡೆಗೆ ಬರೋಕಾಗುತ್ತಾ? ಮಧ್ಯರಾತ್ರಿ ಮೇಲೆ ಧನು ರಾಶಿ ಚೆನ್ನಾಗಿ ಮೇಲೇರಿರುತ್ತೆ, ಆಕಾಶಗಂಗೆಯ ಕೇಂದ್ರ ಆ ದಿಕ್ಕಲ್ಲೇ. ಮಕ್ಕಳ ಜೊತೆ ಅಪ್ಪ ಅಮ್ಮಂದಿರೂ ಇರ್ತಾರೆ. ಊಟ, ಗಾಡಿ ನಮ್ದು. ಕಾಮೆಂಟ್‌ನಲ್ಲೇ ತಿಳಿಸಿ.