ಗೇಟು ದಾಟಿದ ಮೇಲೂ ನೆನಪಿರುವ ಹಾಗೆ ಓಟು ಕೇಳುವುದು ಹೇಗೆ? ಪೆರ್ಲ, ಪಡ್ರೆ ಕಡೆಯವರ ಅನುಭವ

ಕೇಳಿದವರು:
ನಮ್ಮ ಅತ್ತಿಗೆ ಪಂಚಾಯತ್ ವಾರ್ಡಿನ ಉಪಚುನಾವಣೆಗೆ ಪಕ್ಷೇತರರಾಗಿ ನಿಂತಿದ್ದಾರೆ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಗುಡ್ಡೆ ತೋಟಗಳ ಊರು. ಹೇಳಲಿಕ್ಕಿರುವುದು ಮೂರೇ ವಿಷಯ: ತೋಡಿಗೆ ಕಟ್ಟ (ನೀರು ನಿಲ್ಲಿಸುವ ಸಣ್ಣ ಒಡ್ಡು) ಬೇಕು, ಮನೆ ಮನೆಗೆ ಬರುವ ಹರಿತ ಕರ್ಮ ಸೇನೆಯ ಅಕ್ಕಂದಿರ ಪ್ಲಾಸ್ಟಿಕ್ ಸಂಗ್ರಹ ಸರಿಯಾಗಿ ನಡೆಯಬೇಕು, ವಿಶೇಷ ಮಕ್ಕಳ ಬಡ್ಸ್ ಶಾಲೆಗೆ ಹೋಗುವವರಿಗೆ ಗಾಡಿ ಬೇಕು. ಎಲ್ಲರೂ ಒಳ್ಳೆಯದೇ ಎಂದು ತಲೆಯಾಡಿಸುತ್ತಾರೆ, ನಾವು ಗೇಟು ದಾಟಿದ ಮೇಲೆ ಮರೆಯುತ್ತಾರೆ. ‘ಜನ ನಂಬಿಕೊಂಡು ಬಂದ ಮೌಲ್ಯಗಳಿಗೆ ತಾಗಿಸಿ ಹೇಳಿ’ ಎಂದು ಯಾವುದೋ ತರಬೇತಿಯಲ್ಲಿ ಹೇಳಿದರಂತೆ. ಅದು ಹೇಗೆ ಮಾರಾಯ್ರೇ? ಓಡಾಡಿ ಗೊತ್ತಿದ್ದವರು ಹೇಳಿ.

ಮನೆ ಮನೆಗೆ ಓಟು ಕೇಳುವ ಸ್ಕ್ವಾಡಿನಲ್ಲಿ ಓಡಾಡಿದ ಕೃಷಿಕರೊಬ್ಬರು:
ತರಬೇತಿಯವರ ಮಾತಿನಲ್ಲಿ ಸತ್ಯ ಉಂಟು, ಆದರೆ ಅದನ್ನು ಹಾಗೆಯೇ ಇಲ್ಲಿಗೆ ತಂದರೆ ಎಡವಟ್ಟು. ಅದರ ಹಿಂದೆ ಇರುವುದು ಅಮೆರಿಕದ ಸಂಶೋಧನೆ. ಮ್ಯಾಥ್ಯೂ ಫೈನ್‌ಬರ್ಗ್, ರಾಬ್ ವಿಲ್ಲರ್ ಎಂಬಿಬ್ಬರು 2013ರಲ್ಲಿ ಪ್ರಕಟಿಸಿದ್ದು. ಪರಿಸರಕ್ಕೆ ಹಾನಿ ಎಂದರೆ ಕಿವಿಗೊಡದ ಅಲ್ಲಿನ ಸಂಪ್ರದಾಯವಾದಿಗಳು, ಅದೇ ಸಂಗತಿಯನ್ನು ಕೊಳೆ, ಶುದ್ಧಿ ಎಂಬ ಮಾತಿನಲ್ಲಿ ಹೇಳಿದಾಗ ಹೆಚ್ಚು ಒಲವು ತೋರಿದರು. ಹಾಗಾದರೆ ಪ್ಲಾಸ್ಟಿಕ್ಕಿನ ವಿಷಯಕ್ಕೆ ನಾವೂ ‘ಊರು ಶುದ್ಧವಾಗಲಿ’ ಎಂದು ಹಿಡಿಯುವುದಾ? ನಾನಂತೂ ಬೇಡ ಎನ್ನುತ್ತೇನೆ. ನಮ್ಮಲ್ಲಿ ಶುದ್ಧ ಎಂದ ಕೂಡಲೇ ಯಾರು ಯಾರ ಬಾವಿಕಟ್ಟೆ ಹತ್ತಬಾರದು ಎಂಬ ಹಳೇ ಲೆಕ್ಕವೂ ಎದ್ದು ಬರುತ್ತದೆ. ಒಂದು ಮನೆಯಲ್ಲಿ ಹಿತವಾಗಿ ಕೇಳಿದ್ದು ಆಚೆ ಗುಡ್ಡೆಯ ಮನೆಯಲ್ಲಿ ಚುಚ್ಚುತ್ತದೆ.

ಊರಿನವರು ತಮ್ಮೊಳಗೆ ಯಾರೂ ಹೇಳದೆಯೇ ಪಾಲಿಸಿಕೊಂಡು ಬಂದ ಕ್ರಮ ಯಾವುದು ನೋಡಿ, ನಿಮ್ಮ ಬೇಡಿಕೆಯನ್ನು ಅದಕ್ಕೆ ಸೇರಿಸಿ. ಕಟ್ಟದ ವಿಷಯದಲ್ಲಿ ಇದು ಸಲೀಸು. ಏತಡ್ಕದ ಕಡೆ ಒಂದೇ ತೋಡಿಗೆ ಸಾಲಾಗಿ ಕಟ್ಟ ಹಾಕುತ್ತಾರೆ. ಮಳೆ ಬಿಟ್ಟು ಹರಿವು ಇಳಿದಾಗ ಕಲ್ಲು, ಮಣ್ಣು, ಅಡಿಕೆ ಸಲಾಕೆ ತಂದು ನೀರು ನಿಲ್ಲಿಸುವುದು. ನಿಂತ ನೀರು ಇಂಗಿ ಬೇಸಿಗೆಯಲ್ಲಿ ಆಚೀಚೆಯ ಬಾವಿ ಕೆರೆಗಳಿಗೆ ಬರುತ್ತದೆ, ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗವೂ ಬೇಗ ಬತ್ತುವುದಿಲ್ಲ. ಯಾರ ಜಾಗದಲ್ಲಿ ಕಟ್ಟಿದರೂ ಫಲ ಅವನೊಬ್ಬನಿಗಲ್ಲ. ಕಟ್ಟದ ಕೆಲಸಕ್ಕೆ ಬಾರದವನನ್ನು ಎದುರಿಗೆ ಯಾರೂ ಬೈಯುವುದಿಲ್ಲ. ಆದರೆ ಮುಂದಿನ ಮದುವೆ ಮನೆಯಲ್ಲಿ, ಹಂತಿಯಲ್ಲಿ ಕೂತಾಗ, ‘ಆ ದಿನ ಕಂಡದ್ದಿಲ್ಲ ನಿಮ್ಮನ್ನು’ ಎಂಬ ಮಾತು ಬಂದೇ ಬರುತ್ತದೆ. ಮೌಲ್ಯ ಅಂದರೆ ನನಗೆ ಅರ್ಥವಾಗುವುದು ಅದು.

ಹಾಗಾಗಿ ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿದ ಮೇಲೆ, ‘ನಾವು ಕಟ್ಟ ಮಾಡಿಸಿಕೊಡುತ್ತೇವೆ’ ಎಂದು ಶುರು ಮಾಡಬೇಡಿ. ಹಿರಿಯರಿದ್ದರೆ, ‘ನಿಮ್ಮ ಕಾಲದಲ್ಲಿ ಕಟ್ಟ ಎಲ್ಲಿ ಹಾಕುತ್ತಿದ್ದರು?’ ಎಂದು ಕೇಳಿ. ಅಜ್ಜ ಎದ್ದು ಬಂದು ಅಂಗಳದ ತುದಿಯಲ್ಲಿ ನಿಂತು ಕೈ ತೋರಿಸುತ್ತಾರೆ. ಯಾರ ಅಪ್ಪ ಕಲ್ಲು ಕೊಟ್ಟದ್ದು, ಯಾರೊಂದಿಗೆ ಜಗಳವಾಗಿ ನಿಂತುಹೋದದ್ದು, ಎಲ್ಲ ಬರುತ್ತದೆ. ಆಮೇಲೆ, ‘ಸಾಮಾನು ಪಂಚಾಯತಿನದ್ದು, ಆಳು ಊರಿನದ್ದು. ಅತ್ತಿಗೆ ಗೆದ್ದರೆ ಇದಿಷ್ಟು’ ಎಂದರೆ ಸಾಕು. ಭಾಷಣ ಬೇಡ.

ಇನ್ನೊಂದು. ಬ್ಯಾರಿಗಳ ಮನೆಗೆ ಒಂದು, ಭಟ್ಟರ ಮನೆಗೆ ಒಂದು, ಬೀಡಿ ಕಟ್ಟುವವರ ಮನೆಗೆ ಒಂದು ಎಂದು ಮಾತು ಬದಲಿಸಲೇಬೇಡಿ. ಎಲ್ಲರೂ ಸಂಜೆ ಒಂದೇ ಅಂಗಡಿಯ ಎದುರು ನಿಲ್ಲುವವರು.

ಹರಿತ ಕರ್ಮ ಸೇನೆಯ ಅಕ್ಕ ಒಬ್ಬರು:
ನಾನು ಚೀಲ ಹಿಡಿದು ಮನೆ ಮನೆಗೆ ಹೋಗುವವಳು, ಓಟಿಗಲ್ಲ, ಪ್ಲಾಸ್ಟಿಕ್ಕಿಗೆ. ತಿಂಗಳಿಗೆ 50 ರೂಪಾಯಿ ಕೊಡದಿರಲಿಕ್ಕೆ ಜನ ಹೇಳುವ ಕಾರಣಗಳನ್ನು ಬರೆದರೆ ಪುಸ್ತಕವಾದೀತು. ‘ನಾವು ಹಿತ್ತಿಲಲ್ಲೇ ಸುಡುತ್ತೇವೆ, ನಿಮಗೆ ದುಡ್ಡು ಯಾಕೆ?’ ಎನ್ನುವವರೇ ಹೆಚ್ಚು. ಅವರ ಹತ್ತಿರ ನಿಯಮ, ದಂಡ ಎಂದರೆ ಗೇಟಿಗೆ ಬೀಗ ಬೀಳುತ್ತದೆ. ‘ಹೊಗೆ ಹೋಗುವುದು ಕೆಳಗಿನ ಮನೆಗಲ್ಲವಾ, ಅಲ್ಲಿ ಹಾಲು ಕುಡಿಯುವ ಮಗು ಉಂಟು’ ಎಂದರೆ ಸುಮ್ಮನಾಗುತ್ತಾರೆ. ನೆರೆಕರೆಗೆ ಉಪದ್ರ ಕೊಡಬಾರದು ಎನ್ನುವುದನ್ನು ಇಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಮುಸ್ಲಿಂ ಮನೆಗಳಲ್ಲಿ ಅದು ನೆರೆಯವರ ಹಕ್ಕು, ದೀನಿನ (ಧರ್ಮದ) ಮಾತೇ ಆಯಿತು. ಹಟ್ಟಿಯಲ್ಲಿ ದನ ಇದ್ದ ಮನೆಯಾದರೆ ಇನ್ನೂ ಸುಲಭ, ದನ ಪ್ಲಾಸ್ಟಿಕ್ ತಿಂದರೆ ಎಂತ ಆಗುತ್ತದೆಂದು ಅವರಿಗೆ ಗೊತ್ತು.

ಒಬ್ಬರು ಅಜ್ಜಿ ಹಾಲಿನ ಪ್ಯಾಕೆಟ್ ತೊಳೆದು, ಬಟ್ಟೆ ಒಣ ಹಾಕುವ ಬಳ್ಳಿಗೆ ಕ್ಲಿಪ್ ಹಾಕಿ ಒಣಗಿಸಿ, ಹತ್ತರ ಕಟ್ಟು ಮಾಡಿ ಕೊಡುತ್ತಾರೆ. ಕೇಳಿದ್ದಕ್ಕೆ, ‘ನೀನು ಕೈ ಹಾಕುವುದಲ್ಲವಾ ಮಗಾ’ ಎಂದರು. ನಿಮ್ಮ ಅತ್ತಿಗೆ ನಮ್ಮ ಕೆಲಸದ ಬಗ್ಗೆ ಮಾತಾಡುವಾಗ ಊರಿನ ಅಂದಚಂದ ಬಿಟ್ಟು ಇಲ್ಲಿಂದ ಹಿಡಿದರೆ ಒಳ್ಳೆಯದು.

ಪಡ್ರೆ ಕಡೆಯವರೊಬ್ಬರು:
ಬಡ್ಸ್ ಶಾಲೆಯ ಬಗ್ಗೆ ನನ್ನದು ಒಂದೇ ಬೇಡಿಕೆ: ಮಕ್ಕಳ ಫೋಟೋ ಪ್ರಚಾರದ ಚೀಟಿಯಲ್ಲಿ ಹಾಕಬೇಡಿ. ಎಂಡೋಸಲ್ಫಾನ್ ಕೀಟನಾಶಕದಿಂದ ಸಂತ್ರಸ್ತವಾದ ನಮ್ಮ ಮನೆಯ ಮಗುವಿನ ಫೋಟೋ ಯಾರು ಯಾರೋ ಹಾಕಿ ಆಯಿತು. ಕನಿಕರದ ಮಾತು ಕೇಳಿ ಊರಿಗೂ ಸಾಕಾಗಿದೆ. ‘ಇನ್ನೂ ಎಂಡೋಸಲ್ಫಾನಾ?’ ಎಂದು ಮುಖ ತಿರುಗಿಸುವವರಿದ್ದಾರೆ. ಅವರನ್ನೂ ಕಲ್ಲು ಹೃದಯದವರು ಎನ್ನಲಾರೆ.

ಲೆಕ್ಕದ ಮಾತು ಆಡಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಮದ್ದು ಬಿಟ್ಟದ್ದು 2000ದವರೆಗೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ತಡೆ ಹಾಕಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶವಾಯಿತು. ಹೆಲಿಕಾಪ್ಟರು ಯಾರ ಜಾತಿ, ಯಾರ ಪಕ್ಷ ಎಂದು ನೋಡಿ ಮದ್ದು ಬಿಡಲಿಲ್ಲ, ಎಲ್ಲರ ಬಾವಿಗೂ ಬಿತ್ತು. ಕೊಡಲಿಕ್ಕಿದ್ದದ್ದನ್ನು ಕೊಡಬೇಕು ಎನ್ನುವುದು ಅಡಿಕೆ ಮಾರುವವನಿಗೂ ಗೊತ್ತು, ಕೂಲಿಗೆ ಹೋಗುವವನಿಗೂ ಗೊತ್ತು. ಶಾಲೆಯ ಗಾಡಿ ದಾನ ಅಲ್ಲ, ಬಾಕಿ. ಹಾಗೆ ಹೇಳಿ.

ವಕೀಲರ ಆಫೀಸಿನಲ್ಲಿ ಕೆಲಸ ಮಾಡುವವರು:
ಮೌಲ್ಯ ಎಂದು ಹೇಳುತ್ತ ಹೇಳುತ್ತ ದೈವದ ಹೆಸರಿಗೆ ಹೋಗಬೇಡಿ. ಪ್ರಜಾಪ್ರತಿನಿಧಿ ಕಾಯ್ದೆಯ 123(3)ರಲ್ಲಿ ಧರ್ಮ, ಜಾತಿ, ಭಾಷೆ ಹೇಳಿ ಓಟು ಕೇಳುವುದು ಭ್ರಷ್ಟ ಆಚರಣೆ. ಕೇರಳದ ಪಂಚಾಯತ್ ರಾಜ್ ಕಾಯ್ದೆಯಲ್ಲೂ ಇದೇ ನಿಷೇಧ ಉಂಟು. ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ, ಮತದಾರರ ಧರ್ಮ ಎತ್ತಿದರೂ ತಪ್ಪೇ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ 2017ರಲ್ಲಿ 4–3ರ ಬಹುಮತದಲ್ಲಿ ಹೇಳಿದೆ. ‘ಕನ್ನಡದವಳು, ಹಾಗಾಗಿ ಓಟು ಕೊಡಿ’ ಎನ್ನುವುದೂ ಇದರಲ್ಲೇ ಬೀಳುತ್ತದೆ. ಭಾಷೆಯನ್ನು ಉಳಿಸಲು ಕೆಲಸ ಮಾಡುತ್ತೇನೆ ಎಂದು ಭರವಸೆ ಕೊಡುವುದು ಬೇರೆ, ಅದು ಭ್ರಷ್ಟ ಆಚರಣೆ ಅಲ್ಲವೆಂದು 1964ರಲ್ಲೇ ತೀರ್ಪಾಗಿದೆ. ಪಂಚಾಯತಿನ ಅರ್ಜಿ, ನೋಟೀಸು ಕನ್ನಡದಲ್ಲೂ ಸಿಗಬೇಕು ಎಂದು ಧೈರ್ಯವಾಗಿ ಕೇಳಿ.

ಇದೆಲ್ಲ ಅತಿಯಾಯಿತು ಅನಿಸಿದರೆ, ಮಂಜೇಶ್ವರ ವಿಧಾನಸಭಾ ಕ್ಷೇತ್ರ 2016ರಲ್ಲಿ ತೀರ್ಮಾನವಾದದ್ದು 89 ಮತಗಳಲ್ಲಿ, ಆಮೇಲೆ ಕೋರ್ಟಿಗೂ ಹೋಯಿತು. ವಾರ್ಡಿನಲ್ಲಿ ಅಂತರ ಅದಕ್ಕಿಂತಲೂ ಸಣ್ಣದಿರಬಹುದು.

ಮೊದಲು ಬರೆದ ಕೃಷಿಕರು, ಮತ್ತೊಮ್ಮೆ:
ಚೀಟಿಯ ಬಗ್ಗೆ ಬಿಟ್ಟುಹೋಯಿತು. ಮೂರು ವಿಷಯ ಮೂರು ಸಾಲು, ಕನ್ನಡ ಒಂದು ಬದಿ, ಮಲಯಾಳ ಇನ್ನೊಂದು ಬದಿ, ಎರಡರಲ್ಲೂ ಒಂದೇ ಮಾತು. ಪಕ್ಷೇತರರಿಗೆ ಚಿಹ್ನೆ ಸಿಗುವುದು ನಾಮಪತ್ರ ಹಿಂತೆಗೆಯುವ ಗಡುವು ಮುಗಿದ ನಂತರ, ಆದ್ದರಿಂದ ಅವಸರದಲ್ಲಿ ಮೊದಲೇ ಅಚ್ಚು ಹಾಕಿಸಬೇಡಿ. ಅಷ್ಟರವರೆಗೆ ಅತ್ತಿಗೆ ಬರಿಗೈಯಲ್ಲೇ ಹೋಗಿ ಕಟ್ಟದ ಜಾಗ ಕೇಳಿಕೊಂಡು ಬರಲಿ.