ಸಹಾಯ ಬೇಕು: ಹಂಪಿಯ ಪುಷ್ಕರಣಿಯನ್ನು ವಿಆರ್‌ನಲ್ಲಿ (ವರ್ಚುವಲ್ ರಿಯಾಲಿಟಿ) ಕಟ್ಟುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಹಂಪಿಯ ರಾಜಪ್ರಾಂಗಣದಲ್ಲಿ 1980ರ ದಶಕದ ಉತ್ಖನನದಿಂದ ಬೆಳಕಿಗೆ ಬಂದ ಕಪ್ಪು ಶಿಲೆಯ ಮೆಟ್ಟಿಲುಗಳ ಪುಷ್ಕರಣಿಯನ್ನು, ಹೆಡ್‌ಸೆಟ್ ಧರಿಸಿದವರು ಒಳಗಿಳಿದು ಸುತ್ತಾಡುವಂತೆ ಬ್ಲೆಂಡರ್ ಮತ್ತು ಯೂನಿಟಿ ಎಂಬ 3ಡಿ ತಂತ್ರಾಂಶಗಳಲ್ಲಿ ಕಟ್ಟಲು ಮೂರು ತಿಂಗಳಿಂದ ಕಲಿಯುತ್ತಿದ್ದೇನೆ. ಮಂಡಿನೋವಿನಿಂದ ಅಲ್ಲಿಗೆ ಹೋಗಲಾಗದ ನನ್ನ ಅಜ್ಜಿಗೆ ಇದನ್ನು ತೋರಿಸಬೇಕೆಂಬುದು ನನ್ನ ಆಸೆ.

ಫೋಟೋಗಳಿಂದ ತಯಾರಿಸಿದ ಮಾದರಿಯಲ್ಲಿ ಅದರ ಮೇಲ್ಮೈಯನ್ನು ರೂಪಿಸುವ ಸುಮಾರು 20 ಲಕ್ಷ ಪುಟ್ಟ ತ್ರಿಕೋನಗಳಿದ್ದು, ಸೆಕೆಂಡಿಗೆ 72 ಫ್ರೇಮ್ ಬೇಕಾದಲ್ಲಿ 30 ಮಾತ್ರ ಬರುತ್ತಿವೆ. ಕತ್ತು ತಿರುಗಿಸಿದೊಡನೆ ಮೆಟ್ಟಿಲಿನ ಅಂಚುಗಳು ನಡುಗಿ ತಲೆಸುತ್ತು ಬರುತ್ತದೆ. ತ್ರಿಕೋನಗಳನ್ನು ಕಡಿಮೆ ಮಾಡಿದರೆ, ಯಾವ ಕಲ್ಲು ಎಲ್ಲಿ ಕೂರಬೇಕೆಂದು ಸೂಚಿಸಲು ಅಂದಿನ ಕೆಲಸಗಾರರು ಕೊರೆದ ಗುರುತುಗಳೇ ಅಳಿಸಿಹೋಗುತ್ತವೆ. ನನ್ನ ಮಟ್ಟಿಗೆ ಈ ಕೊಳದ ಜೀವವೇ ಆ ಗುರುತುಗಳಲ್ಲಿದೆ.

ಅವುಗಳನ್ನು ನಾರ್ಮಲ್ ಮ್ಯಾಪ್‌ಗೆ (ಬೆಳಕು-ನೆರಳಿನಿಂದ ಉಬ್ಬುತಗ್ಗಿನ ಭ್ರಮೆ ಕೊಡುವ ಚಿತ್ರ) ಬೇಕ್ ಮಾಡಿದರೆ, ಅಂದರೆ ಅದರಲ್ಲಿ ಅಚ್ಚೊತ್ತಿದರೆ, ಕಣ್ಣಿನ ಹತ್ತಿರದಿಂದಲೂ ಆಳ ಕಾಣುವುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.