ಪುಟ್ಟನ ಕ್ಲಾಸಿನ ಎಚ್1ಎನ್1 ಬಗ್ಗೆ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ ಕಣೆ. ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡುತ್ತಲೇ ಕೇಳು. ಉಳಿದವರೂ ಕೇಳಿ. ಬೆಳಗ್ಗೆಯಿಂದ ನಮ್ಮ ಮನೆಯವರ ಈ ಗ್ರೂಪಿಗೆ ಬಂದಿರುವ ಫಾರ್ವರ್ಡ್‌ಗಳನ್ನು ಓದಿದರೆ ಜ್ವರ ಇಲ್ಲದವರಿಗೂ ಜ್ವರ ಬರುವ ಹಾಗಿದೆ.

ನೀನು ಕೇಳಿದ್ದು ಇಷ್ಟು. ಪುಟ್ಟನ ಕ್ಲಾಸಿನಲ್ಲಿ ಒಂದು ಮಗುವಿಗೆ ಎಚ್1ಎನ್1 ಬಂದಿದೆ ಅಂತ ಶಾಲೆಯವರು ತಿಳಿಸಿದ್ದಾರೆ. ನಿನ್ನೆಯಿಂದ ಪುಟ್ಟನಿಗೆ ಮೂಗು ಸೋರುತ್ತಿದೆ, ಸಣ್ಣಗೆ ಜ್ವರ ಇದೆ. ಮನೆಯಲ್ಲಿ ಎಂಟು ತಿಂಗಳ ಪಾಪು ಇದ್ದಾಳೆ, ಶುಗರ್ ಇರುವ ನಿಮ್ಮತ್ತೆ ಇದ್ದಾರೆ. ಇದು ಹಂದಿ ಜ್ವರವಾ, ಮಾಮೂಲಿ ಫ್ಲೂನಾ? ಟೆಸ್ಟ್ ಮಾಡಿಸಬೇಕಾ? ಫ್ಲೂ ವೈರಸ್‌ಗೆ ಕೊಡುವ ಟ್ಯಾಮಿಫ್ಲೂ ಮಾತ್ರೆ ತಂದಿಟ್ಟುಕೊಳ್ಳಬೇಕಾ? ಲಸಿಕೆ ಹಾಕಿಸಬೇಕಾ? ಇಷ್ಟೇ ಅಲ್ವಾ?

ಹಂದಿ ಜ್ವರ ಅಂತ ನಾವು ಕರೆಯುವ ಎಚ್1ಎನ್1 ಈಗ ಮಾಮೂಲಿ ಫ್ಲೂಗಳಲ್ಲೇ ಒಂದು. ಎಚ್3ಎನ್2, ಬಿ ಅಂತ ಬೇರೆ ಬಗೆಗಳೂ ಇವೆ. ಪ್ರತಿ ವರ್ಷ ಇವೆಲ್ಲ ಓಡಾಡುತ್ತವೆ. ಒಂದು ವರ್ಷ ಇದು ಜಾಸ್ತಿ, ಇನ್ನೊಂದು ವರ್ಷ ಅದು. ನಮ್ಮ ಕಡೆ ಮಳೆಗಾಲದಲ್ಲೊಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ಏರುತ್ತವೆ.

ಆದರೂ ಆ ಹೆಸರು ಕೇಳಿದರೆ ಎಲ್ಲರಿಗೂ ಎದೆ ಧಸಕ್ಕೆನ್ನುತ್ತದೆ. ಅದಕ್ಕೆ 2009 ಕಾರಣ. ಆಗ ನಾನು ಮಕ್ಕಳ ವಾರ್ಡಿನಲ್ಲಿ ಡ್ಯೂಟಿಯಲ್ಲಿದ್ದೆ. ಏಪ್ರಿಲ್‌ನಲ್ಲಿ ಮೆಕ್ಸಿಕೊ, ಅಮೆರಿಕದಲ್ಲಿ ಸುದ್ದಿಯಾಗಿದ್ದು ಮೇ ತಿಂಗಳಿಗೆ ಹೈದರಾಬಾದಿಗೆ ಬಂದಿತ್ತು. ಜೂನ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಾಗತಿಕ ಪಿಡುಗು ಅಂತ ಸಾರಿತು. ಆಗಸ್ಟ್ ಮೊದಲ ವಾರದಲ್ಲಿ ಪುಣೆಯಲ್ಲಿ ಹದಿನಾಲ್ಕು ವರ್ಷದ ಹುಡುಗಿ ತೀರಿಕೊಂಡಳು. ಅದು ನಮ್ಮ ದೇಶದ ಮೊದಲ ಸಾವು. ಅಲ್ಲಿ ಶಾಲೆಗಳನ್ನು ಮುಚ್ಚಿದರು. ಟಿವಿಯಲ್ಲಿ ಬೇರೆ ಸುದ್ದಿಯೇ ಇರಲಿಲ್ಲ. ಮಗು ಒಂದು ಸಲ ಸೀನಿದರೂ ಎತ್ತಿಕೊಂಡು ಬರುವವರು, ಟೆಸ್ಟ್ ಮಾಡಲೇಬೇಕು ಅಂತ ಜಗಳಕ್ಕೆ ನಿಲ್ಲುವವರು.

ಆಗಿನ ಭಯ ಸುಳ್ಳೇನಲ್ಲ. ವೈರಸ್ ಹೊಸದಾಗಿತ್ತು. ಮಾಮೂಲಿ ಫ್ಲೂ ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ವಯಸ್ಸಾದವರನ್ನು. ಇದು ಉಲ್ಟಾ ಆಯಿತು. ತೀರಿಕೊಂಡವರಲ್ಲಿ ನೂರಕ್ಕೆ ಸುಮಾರು 80 ಜನ 65 ವರ್ಷದ ಒಳಗಿನವರು ಅಂತ ಆಮೇಲೆ ಲೆಕ್ಕ ಹಾಕಿದರು. ಮಕ್ಕಳು, ಬಸುರಿಯರು, ಗಟ್ಟಿಮುಟ್ಟಾದ ಹರೆಯದವರೂ ಇದ್ದರು. ಅರವತ್ತು ದಾಟಿದ ಎಷ್ಟೋ ಜನರ ಮೈಯಲ್ಲಿ ಇದನ್ನು ಎದುರಿಸುವ ಶಕ್ತಿ ಸ್ವಲ್ಪ ಇತ್ತು. 1957ಕ್ಕಿಂತ ಮುಂಚೆ ಇದೇ ಕುಲದ ವೈರಸ್‌ಗಳು ಓಡಾಡುತ್ತಿದ್ದವು, ಅವರು ಚಿಕ್ಕವರಿದ್ದಾಗ ಅದನ್ನು ಕಂಡಿದ್ದರು. ಅಜ್ಜಿ ಆರಾಮಾಗಿ ಓಡಾಡಿಕೊಂಡು, ಮೊಮ್ಮಗ ಐಸಿಯುನಲ್ಲಿ ಮಲಗಿದರೆ ಮನೆಯವರಿಗೆ ಹೇಗಾಗಬೇಡ ಹೇಳು.

2010ರ ಆಗಸ್ಟ್‌ನಲ್ಲಿ ಪಿಡುಗು ಮುಗಿಯಿತು ಅಂತ ಘೋಷಿಸಿದರು. ವೈರಸ್ ಮಾತ್ರ ಎಲ್ಲೂ ಹೋಗಲಿಲ್ಲ. ಮೊದಲಿದ್ದ ಹಳೆಯ ಎಚ್1ಎನ್1 ಮರೆಯಾಯಿತು, ಅದರ ಜಾಗದಲ್ಲಿ ಇದು ಕೂತುಕೊಂಡಿತು. ಈಗ ನಮ್ಮ ನಿಮ್ಮೆಲ್ಲರ ಮೈ ಅದನ್ನು ಒಂದಲ್ಲ ಒಂದು ಸಲ ನೋಡಿಯೇ ಇರುತ್ತದೆ. ಪಾಪುವಿನಂಥ ಎಳೆಯ ಮಕ್ಕಳಿಗೆ ಮಾತ್ರ ಎಲ್ಲ ಫ್ಲೂನೂ ಹೊಸದು. ಎಚ್1ಎನ್1 ಆದರೂ ಹೊಸದು, ಎಚ್3ಎನ್2 ಆದರೂ ಹೊಸದು.

ಮಾಮೂಲಿ ಅಂದೆ ಅಂತ ಹಗುರವಾಗಿ ತೆಗೆದುಕೊಳ್ಳಬೇಡ. 2015ರಲ್ಲಿ ಇದೇ ಎಚ್1ಎನ್1 ನಮ್ಮ ದೇಶದಲ್ಲಿ 42 ಸಾವಿರಕ್ಕೂ ಜಾಸ್ತಿ ಜನರಿಗೆ ಬಂದು, ಹತ್ತಿರ ಹತ್ತಿರ 3 ಸಾವಿರ ಜನ ಹೋದರು. ಟೆಸ್ಟಿನಲ್ಲಿ ಸಿಕ್ಕಿದ್ದಷ್ಟೇ ಈ ಲೆಕ್ಕ. ಇನ್ನು 2023ರ ಮಾರ್ಚ್ ನೆನಪಿದೆಯಾ? ಹಾಸನ ಜಿಲ್ಲೆಯಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರು ಫ್ಲೂನಿಂದ ತೀರಿಕೊಂಡರು ಅಂತ ಪೇಪರಿನಲ್ಲೆಲ್ಲ ಬಂತಲ್ಲ, ಅದು ಎಚ್3ಎನ್2. ಹಂದಿ ಜ್ವರ ಅಲ್ಲವೇ ಅಲ್ಲ. ಪ್ರಪಂಚದಲ್ಲಿ ವರ್ಷಕ್ಕೆ 2.9 ಲಕ್ಷದಿಂದ 6.5 ಲಕ್ಷ ಜನ ಈ ಸೀಸನ್ ಫ್ಲೂಗಳಿಂದ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಿಪೋರ್ಟಿನಲ್ಲಿ ಎಚ್1ಎನ್1 ಅಂತ ಬಂದರೆ ಅಳುವುದು, ಬೇರೆ ಏನೋ ಬಂದರೆ ಅಬ್ಬಾ ಅಂತ ಮಗುವನ್ನು ಮರುದಿನವೇ ಶಾಲೆಗೆ ಅಟ್ಟುವುದು, ಎರಡೂ ನನಗೆ ಸರಿ ಕಾಣುವುದಿಲ್ಲ.

ಟೆಸ್ಟ್ ವಿಷಯಕ್ಕೆ ಬರುತ್ತೇನೆ. ಮೂಗು, ಗಂಟಲು, ಮೈಕೈ ನೋವು ನೋಡಿ ಇದು ಯಾವ ಫ್ಲೂ ಅಂತ ಯಾವ ಡಾಕ್ಟರಿಗೂ ಹೇಳಲಾಗುವುದಿಲ್ಲ. ಅದಕ್ಕೇ ಸರ್ಕಾರ ರೋಗಿಗಳನ್ನು ಎ, ಬಿ, ಸಿ ಅಂತ ಮೂರು ಗುಂಪು ಮಾಡಿದೆ. ಸಣ್ಣ ಜ್ವರ, ಕೆಮ್ಮು, ಗಂಟಲು ನೋವು ಅಷ್ಟೇ ಇದ್ದರೆ ಎ. ಟೆಸ್ಟೂ ಬೇಡ, ಟ್ಯಾಮಿಫ್ಲೂನೂ ಬೇಡ. ಮನೆಯಲ್ಲಿಟ್ಟುಕೊಂಡು ಒಂದೆರಡು ದಿನಕ್ಕೆ ಮತ್ತೆ ಡಾಕ್ಟರಿಗೆ ತೋರಿಸುವುದು. ಜ್ವರ ಜೋರಾಗಿ ಗಂಟಲು ತುಂಬಾ ನೋಯುತ್ತಿದ್ದರೆ, ಇಲ್ಲವೇ ಶುಗರ್, ಅಸ್ತಮಾ, ಹೃದಯ, ಕಿಡ್ನಿ ತೊಂದರೆ, ಬಸಿರು, ಇಳಿವಯಸ್ಸು ಇಂಥದ್ದು ಇದ್ದರೆ ಬಿ. ಅವರಿಗೆ ಡಾಕ್ಟರ್ ನೋಡಿ ಮಾತ್ರೆ ಶುರು ಮಾಡುತ್ತಾರೆ, ರಿಪೋರ್ಟಿಗೆ ಕಾಯುವುದಿಲ್ಲ. ಉಸಿರಾಟದ ತೊಂದರೆ ಬಂದರೆ ಸಿ. ಆಗ ಟೆಸ್ಟ್, ಅಡ್ಮಿಷನ್ ಎಲ್ಲಾ.

ನೀನು ಹೇಳಿದ ಪ್ರಕಾರ ಪುಟ್ಟ ಈಗ ಎ. ಅವನಿಗೆ ಎಚ್1ಎನ್1 ಅಂತಲೇ ಇಟ್ಟುಕೋ, ಮಾಡುವುದೇನೂ ಬದಲಾಗುವುದಿಲ್ಲ. ನಿಮ್ಮತ್ತೆಗೆ ಜ್ವರ ಬಂದರೆ ಮಾತ್ರ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನಾಳೆ ನೋಡೋಣ ಅಂತ ಅವರು ಹೇಳಿದರೂ ಕೇಳಬೇಡ. ಪಾಪುವಿಗೂ ಅಷ್ಟೇ. ಜ್ವರ ಶುರುವಾದ 48 ಗಂಟೆಯೊಳಗೆ ಟ್ಯಾಮಿಫ್ಲೂ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕೇ ಈ ಅವಸರ. ಮೊದಲೇ ತಂದು ಡಬ್ಬಿಯಲ್ಲಿಟ್ಟುಕೊಳ್ಳುವ ಮಾತ್ರೆ ಅಲ್ಲ ಅದು. ಮಕ್ಕಳಿಗೆ ತೂಕ ನೋಡಿ ಅಳತೆ ಹೇಳಬೇಕು, ಎಷ್ಟೋ ಮಕ್ಕಳಿಗೆ ವಾಂತಿ ಬೇರೆ ಆಗುತ್ತದೆ. ಆಂಟಿಬಯೋಟಿಕ್ ಅಂತೂ ವೈರಸ್‌ಗೆ ಏನೂ ಮಾಡುವುದಿಲ್ಲ, ಮೆಡಿಕಲ್ ಶಾಪಿನವನು ಕೊಟ್ಟರೂ ತರಬೇಡ.

ಈಗ ಹೇಳುವುದನ್ನು ಸರಿಯಾಗಿ ಕೇಳು, ಬೇಕಾದರೆ ಎರಡು ಸಲ ಕೇಳು. ಥರ್ಮಾಮೀಟರ್‌ಗಿಂತ ಮಗುವಿನ ಎದೆ ಮೇಲೆ ಕಣ್ಣಿಡು. ಪಾಪು ಮಲಗಿದ್ದಾಗ ಅಂಗಿ ಎತ್ತಿ ಒಂದು ಪೂರ್ತಿ ನಿಮಿಷ ಉಸಿರು ಎಣಿಸು. ಎಂಟು ತಿಂಗಳ ಮಗುವಿಗೆ ನಿಮಿಷಕ್ಕೆ 50 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತಡ ಮಾಡಬೇಡ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆಯಾ? ತುಟಿ, ಉಗುರು ನೀಲಿಯಾಗಿದೆಯಾ? ಹಾಲು ಕುಡಿಯಲು ಒಪ್ಪುತ್ತಿಲ್ಲವಾ? ಎಬ್ಬಿಸಿದರೂ ಮಂಕಾಗಿ ಮಲಗುತ್ತಿದ್ದಾಳಾ? ಎಂಟು ಗಂಟೆಯಾದರೂ ಉಚ್ಚೆ ಹೊಯ್ದಿಲ್ಲವಾ? ಇದರಲ್ಲಿ ಒಂದು ಕಂಡರೂ ನಡುರಾತ್ರಿ ಆದರೂ ಸರಿ, ಆಸ್ಪತ್ರೆಗೆ ಹೊರಡು. ಫಿಟ್ಸ್ ಬಂದರಂತೂ ಕೇಳುವುದೇ ಬೇಡ. ಇನ್ನೊಂದು ವಿಷಯ ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತಿರುವುದಿಲ್ಲ. ಜ್ವರ ಇಳಿದು, ಮಗು ಆಟ ಶುರು ಮಾಡಿ, ಎರಡು ದಿನ ಬಿಟ್ಟು ಮತ್ತೆ ಜ್ವರ ಏರಿ ಕೆಮ್ಮು ಜೋರಾದರೆ ಅದು ನ್ಯುಮೋನಿಯಾ ಇರಬಹುದು. ಪುಟ್ಟನ ವಿಷಯದಲ್ಲೂ ಇದನ್ನು ನೆನಪಿಟ್ಟುಕೋ. ವಾರ್ಡಿನಲ್ಲಿ ನಾನು ನೋಡಿದ ಕಷ್ಟದ ಕೇಸ್‌ಗಳಲ್ಲಿ ಇಂಥವು ಬಹಳ. ವಾಸಿಯಾಯಿತು ಅಂತ ಎಲ್ಲರೂ ಮೈಮರೆತಿರುತ್ತಾರೆ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಮಾತ್ರ ಮಕ್ಕಳಿಗೆ ಕೊಡಲೇಬೇಡಿ. ಫ್ಲೂ ಇದ್ದಾಗ ಅದು ಅಪರೂಪಕ್ಕೆ ಲಿವರ್, ಮೆದುಳು ಎರಡನ್ನೂ ಹಾಳು ಮಾಡುತ್ತದೆ. ಪ್ಯಾರಾಸಿಟಮಾಲ್‌ನಲ್ಲೂ ಹುಷಾರು. ಸಿರಪ್ ಒಂದು ಕಂಪನಿಯದು 5 ಎಂಎಲ್‌ಗೆ 125 ಎಂಜಿ ಇರುತ್ತದೆ, ಇನ್ನೊಂದು 250 ಇರುತ್ತದೆ. ಚಿಕ್ಕ ಮಕ್ಕಳ ಡ್ರಾಪ್ಸ್ ಅದಕ್ಕಿಂತ ಗಟ್ಟಿ, ಒಂದೇ ಎಂಎಲ್‌ನಲ್ಲಿ 100 ಎಂಜಿ. ಪುಟ್ಟನ ಚಮಚದ ಲೆಕ್ಕದಲ್ಲಿ ಪಾಪುವಿಗೆ ಡ್ರಾಪ್ಸ್ ಹಾಕಿಬಿಟ್ಟರೆ ಕಷ್ಟ. ಮನೆಯಲ್ಲಿ ಎರಡು ಬಾಟಲಿ ಇದ್ದರೆ ಬೇರೆ ಬೇರೆ ಕಡೆ ಇಡು.

ಭಾವ, ಕರ್ಪೂರ ಏಲಕ್ಕಿ ಗಂಟು ಕಟ್ಟಿಕೊಂಡರೆ ಹಂದಿ ಜ್ವರ ಬರುವುದಿಲ್ಲ ಅಂತ ನೀವು ಹಾಕಿದ ಮೆಸೇಜ್ ಬಹಳ ಹಳೆಯದು. ವರ್ಷಕ್ಕೊಮ್ಮೆ ಊರು ಸುತ್ತಿ ಬರುವ ದಾಸಯ್ಯನ ಹಾಗೆ ಅದು ಮತ್ತೆ ಮತ್ತೆ ಬರುತ್ತದೆ. ನೀವು ಕಟ್ಟಿಕೊಳ್ಳಿ, ನನ್ನದೇನೂ ತಕರಾರಿಲ್ಲ. ಪಾಪುವಿನ ಹತ್ತಿರ ಮಾತ್ರ ಬೇಡ. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರುತ್ತದೆ. ಎದೆಗೆ, ಮೂಗಿಗೆ ಹಚ್ಚುವುದೂ ಬೇಡ. ತುಳಸಿ ಕಷಾಯ ದೊಡ್ಡವರಿಗೆ ಗಂಟಲಿಗೆ ಹಿತ, ಅಷ್ಟೇ. ಇನ್ನು ಹಂದಿ ಮಾಂಸ ತಿನ್ನಬಹುದಾ ಅಂತ ಮಡಿಕೇರಿಯಿಂದ ಕೇಳಿದ್ದಕ್ಕೆ: ಹಂದಿ ಮಾಂಸ ಬೇಯಿಸಿ ತಿಂದರೆ ಇದು ಬರುವುದಿಲ್ಲ. ಪಂದಿ ಕರಿ ಮಾಡಿದ್ದರೆ ನೆಮ್ಮದಿಯಾಗಿ ತಿನ್ನಿ. ಈಗ ಇದು ಹರಡುವುದು ಮನುಷ್ಯರಿಂದ ಮನುಷ್ಯರಿಗೆ.

ಪುಟ್ಟಿ, ಲಸಿಕೆ ಕೇಳಿದ್ದೆಯಲ್ಲ. ಆರು ತಿಂಗಳು ತುಂಬಿದ ಮಕ್ಕಳಿಗೆ ಹಾಕಿಸಬಹುದು. ಒಂಬತ್ತು ವರ್ಷದೊಳಗಿನವರಿಗೆ ಮೊದಲ ಸಲ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಎಚ್1ಎನ್1, ಎಚ್3ಎನ್2, ಬಿ ಮೂರೂ ಅದರಲ್ಲೇ ಇರುತ್ತವೆ. ಹಂದಿ ಜ್ವರಕ್ಕೆ ಅಂತ ಬೇರೆ ಸೂಜಿ ಇಲ್ಲ. ಮಕ್ಕಳಿಗೆ ಸರ್ಕಾರ ಉಚಿತವಾಗಿ ಹಾಕುವ ಪಟ್ಟಿಯಲ್ಲಿ ಇದು ಸೇರಿಲ್ಲ, ದುಡ್ಡು ಕೊಟ್ಟೇ ಹಾಕಿಸಬೇಕು, ಅಗ್ಗವೂ ಅಲ್ಲ. ಪೂರ್ತಿ ತಡೆಯುತ್ತದೆ ಅಂತಲೂ ಹೇಳಲಾರೆ. ಆದರೆ ಐಸಿಯುವರೆಗೆ ಹೋಗುವುದನ್ನು ಬಹಳ ಮಟ್ಟಿಗೆ ತಪ್ಪಿಸುತ್ತದೆ. ಕೆಲಸ ಶುರು ಮಾಡಲು ಎರಡು ವಾರ ಬೇಕು, ಆದ್ದರಿಂದ ಈ ವಾರದ ಗಡಿಬಿಡಿಗೆ ಉಪಯೋಗವಿಲ್ಲ. ಪುಟ್ಟ ಹುಷಾರಾದ ಮೇಲೆ ನಿಮ್ಮತ್ತೆಯನ್ನೂ ಸೇರಿಸಿ ಎಲ್ಲರಿಗೂ ಹಾಕಿಸು. ಮುಂದಿನ ವರ್ಷ ಮಳೆ ಹಿಡಿಯುವ ಮುಂಚೆಯೇ ಹೋಗು.

ಕೊನೆಗೆ ಆ ಶಾಲೆಯ ಗ್ರೂಪ್. ಯಾವ ಮಗು, ಹೆಸರು ಹೇಳಿ ಅಂತ ಎಲ್ಲರೂ ಒತ್ತಾಯ ಮಾಡುತ್ತಿದ್ದಾರೆ ಅಂದೆಯಲ್ಲ, ನೀನು ಅದರಲ್ಲಿ ಸೇರಬೇಡ ಕಣೆ. ಜ್ವರ ಕಾಣಿಸುವ ಹಿಂದಿನ ದಿನದಿಂದಲೇ ಇದು ಹರಡುತ್ತದೆ. ಆ ಮಗುವಿಗೆ ಯಾರಿಂದ ಬಂತೋ ಯಾರಿಗೆ ಗೊತ್ತು? ಬೆಳಗ್ಗೆ ಪ್ಯಾರಾಸಿಟಮಾಲ್ ಕುಡಿಸಿ, ಹಣೆ ತಣ್ಣಗಾದ ಕೂಡಲೇ ವ್ಯಾನ್ ಹತ್ತಿಸುವವರ ಮೇಲೆ ನನಗೆ ಕೋಪ ಬರುತ್ತದೆ. ಪುಟ್ಟನನ್ನು ಹಾಗೆ ಕಳಿಸಬೇಡ. ಔಷಧಿ ಇಲ್ಲದೆ ಇಪ್ಪತ್ನಾಲ್ಕು ಗಂಟೆ ಜ್ವರ ಬಾರದಿದ್ದರೆ ಕಳಿಸು. ಟೆಸ್ಟ್ ಪೇಪರ್ ತಪ್ಪಿದರೆ ತಪ್ಪಲಿ, ಅವನೇನು ಎಸ್‌ಎಸ್‌ಎಲ್‌ಸಿ ಬರೆಯುತ್ತಿಲ್ಲ.

ಅಲ್ಲಿಯವರೆಗೆ ಅವನು ಬೇರೆ ರೂಮಿನಲ್ಲಿ ಮಲಗಲಿ, ಕಿಟಕಿ ತೆಗೆದಿಡು, ಪಾಪುವನ್ನು ಎತ್ತಿಕೊಳ್ಳುವ ಮುಂಚೆ ಸೋಪು ಹಚ್ಚಿ ಕೈ ತೊಳೆ. ನಿನಗೇ ಜ್ವರ ಬಂದರೂ ಎದೆಹಾಲು ನಿಲ್ಲಿಸಬೇಡ, ಮಾಸ್ಕ್ ಹಾಕಿಕೊಂಡು ಕುಡಿಸು. ಅಕ್ಕ, ನೀನು ಎರಡು ವಾರ ಅವರ ಮನೆಗೆ ಹೋಗಬೇಡ, ಸಾರು ಪಲ್ಯ ಮಾಡಿ ಭಾವನ ಕೈಯಲ್ಲಿ ಬಾಗಿಲವರೆಗೆ ಕಳಿಸು.

ಈಗ ಆ ಸಿರಪ್ ಬಾಟಲಿಯ ಲೇಬಲ್ ಕಾಣುವ ಹಾಗೆ ಒಂದು ಫೋಟೊ ಹಾಕು. ಇಬ್ಬರು ಮಕ್ಕಳ ತೂಕವನ್ನೂ ಬರೆದು ಕಳಿಸು, ನಿಮ್ಮ ಡಾಕ್ಟರ್ ಬರೆದುಕೊಟ್ಟ ಅಳತೆಗೆ ಹೊಂದುತ್ತದಾ ನೋಡುತ್ತೇನೆ.